ಏರಿನಲ್ಲಿ ಮಾತ್ರ ನಿಲ್ಲುವ ಪಿಕಪ್

ಮಡಿಕೇರಿ ಪೇಟೆಯೊಳಗೆ ಓಡಾಡುವಾಗ ಪಿಕಪ್ ಸರಿಯಾಗೇ ಇರುತ್ತದೆ. ಸಂಪಾಜೆಗೆ ಇಳಿಯುವಾಗಲೂ ತೊಂದರೆ ಇಲ್ಲ. ಸುಳ್ಯದ ಕಡೆಯಿಂದ ಲೋಡ್ ತುಂಬಿಕೊಂಡು ವಾಪಸ್ ಘಾಟಿ ಹತ್ತುವಾಗ ಕಾಟ ಶುರು. ಎರಡನೇ ಗೇರಿನಲ್ಲಿ ಎಳೆಯುತ್ತಿದ್ದ ಗಾಡಿ ಸೊರಗುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಏಳುವುದಿಲ್ಲ. ಕೊನೆಗೆ ಆಫ್. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲ ಎಂಬಂತೆ ಸ್ಟಾರ್ಟ್ ಆಗುತ್ತದೆ. ಆ ಹತ್ತು ನಿಮಿಷದಲ್ಲಿ ಅದನ್ನು ರಿಪೇರಿ ಮಾಡಿದವರು ಯಾರು?

ಇಂಥ ಗಾಡಿ ಕಂಡರೆ ಯಾರಾದರೊಬ್ಬರು ‘ಮೇಲೆ ಗಾಳಿ ತೆಳು, ಅದಕ್ಕೇ’ ಎನ್ನುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಶೇಕಡಾ 12ರಷ್ಟು ಕಡಿಮೆ. ಆದರೆ ಗಾಡಿ ನಿಂತದ್ದು ಮಡಿಕೇರಿಗಿಂತ ಕೆಳಗೆ. ಮೇಲಿನ ಪೇಟೆಯಲ್ಲಿ ಅದು ಆರಾಮಾಗಿ ಓಡುತ್ತಿತ್ತು, ಅಲ್ವಾ? ಜೊತೆಗೆ ಈಗಿನ ಪಿಕಪ್‌ಗಳಿಗೆ ಗಾಳಿಯನ್ನು ಒತ್ತಿ ತುಂಬಲು ಟರ್ಬೊ ಇದೆ. ಇನ್ನೊಂದು ಗುರುತೂ ಇದೆ. ಗಾಳಿ ಸಾಲದಿದ್ದರೆ ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆ ಬರುತ್ತದೆ. ಹೊಗೆ ಇಲ್ಲದೆ ಸೊರಗಿ ನಿಂತರೆ ಡೀಸೆಲ್ಲೇ ಸಾಲುತ್ತಿಲ್ಲ ಎಂದು ಅನುಮಾನ ಪಡಬೇಕು.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು, ಹದಿನೆಂಟರಲ್ಲಿ ಒಂದು ಪಾಲಿಗೆ ಹಿಂಡಿದರೆ ಅದು 500 ಡಿಗ್ರಿ ದಾಟಿ ಕಾಯುತ್ತದೆ. ಅದರೊಳಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ್ದು ಇದನ್ನೇ. ಹಾಗಾಗಿ ಬಿಸಿಯಾದ, ಕಂಪ್ರೆಶನ್ ಚೆನ್ನಾಗಿರುವ ಎಂಜಿನ್ ನಿಲ್ಲಲು ಕಾರಣಗಳು ಜಾಸ್ತಿ ಇಲ್ಲ.

ನಿಂತ ಜಾಗದಲ್ಲಿ ಐಡ್ಲಿಂಗ್ ಮಾಡುವಾಗ ಎಂಜಿನ್ ಗಂಟೆಗೆ ಒಂದು ಲೀಟರ್ ಡೀಸೆಲ್ಲನ್ನೂ ಉರಿಸುವುದಿಲ್ಲ. ಲೋಡ್ ಹೊತ್ತು ಏರುವಾಗ ಅದೇ ಲೆಕ್ಕ ಹತ್ತು ಲೀಟರ್ ದಾಟಬಹುದು. ಕಸ ಸೇರಿ ಅರ್ಧ ಕಟ್ಟಿಕೊಂಡ ಡೀಸೆಲ್ ಫಿಲ್ಟರ್ ಮೊದಲನೆಯದಕ್ಕೆ ಸಾಕು, ಎರಡನೆಯದಕ್ಕೆ ಸಾಲದು. ಪೇಟೆಯಲ್ಲಿ ಸರಿ, ಘಾಟಿಯಲ್ಲಿ ಕಾಟ ಎಂಬುದರ ಗುಟ್ಟು ಅಷ್ಟೇ. ಇನ್ನು ಆ ಹತ್ತು ನಿಮಿಷ. ಟ್ಯಾಂಕಿನ ತಳದಲ್ಲಿ ಡೀಸೆಲ್ ಎಳೆಯುವ ಪೈಪಿನ ಬಾಯಿಗೆ ಜಾಲರಿ ಇರುತ್ತದೆ. ಎಳೆತ ಜೋರಾದಂತೆ ಕಸ ಬಂದು ಅದಕ್ಕೆ ಅಂಟುತ್ತದೆ. ಎಂಜಿನ್ ನಿಂತರೆ ಎಳೆತವೂ ನಿಲ್ಲುತ್ತದೆ, ಕಸ ಕಳಚಿ ಕೆಳಗೆ ಬೀಳುತ್ತದೆ. ಮುಂದಿನ ಏರಿನಲ್ಲಿ ಮತ್ತೆ ಅದೇ ಕತೆ. ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ದಾರಿ ಮುಚ್ಚಿಕೊಂಡರೂ ಹೀಗೇ ಆಗುತ್ತದೆ. ಡೀಸೆಲ್ ಖಾಲಿಯಾದಷ್ಟು ಜಾಗಕ್ಕೆ ಗಾಳಿ ಬಾರದೆ ಒಳಗೆ ಒತ್ತಡ ಇಳಿಯುತ್ತದೆ. ಗಾಡಿ ನಿಂತ ತಕ್ಷಣ ಮುಚ್ಚಳ ತೆಗೆಯಿರಿ. ‘ಸುಯ್’ ಎಂದು ಗಾಳಿ ಒಳಗೆ ನುಗ್ಗಿದರೆ ಕಳ್ಳ ಸಿಕ್ಕಿದ. ಕಾಸಿಲ್ಲದ ಈ ಪರೀಕ್ಷೆ ಬಿಟ್ಟು ಮೊದಲೇ ಎಂಜಿನ್ನೊಳಗೆ ಡೀಸೆಲ್ ಸಿಂಪಡಿಸುವ ನಾಜಲ್ ಬಿಚ್ಚುವವರ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ.

ಪೈಪಿನಲ್ಲಿ ಏರ್ ಹಿಡಿಯುವುದು ಇದಕ್ಕಿಂತ ಮೋಸದ ತೊಂದರೆ. ಎಷ್ಟೋ ಪಿಕಪ್‌ಗಳಲ್ಲಿ ಪಂಪ್ ಎಂಜಿನ್ ಪಕ್ಕದಲ್ಲಿದ್ದು ಟ್ಯಾಂಕಿನಿಂದ ಡೀಸೆಲ್ ಎಳೆದುಕೊಳ್ಳುತ್ತದೆ. ಓಡುವಾಗ ಆ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಸ್ಟ್ರಾದಲ್ಲಿ ಸೂಜಿಯಷ್ಟು ತೂತಿದ್ದರೆ ಎಳನೀರು ಹೊರಗೆ ಚೆಲ್ಲುವುದಿಲ್ಲ, ಬಾಯಿಗೆ ಬರೀ ಗಾಳಿ ಬರುತ್ತದೆ. ಇಲ್ಲೂ ಹಾಗೇ. ಕ್ಲ್ಯಾಂಪ್ ಸಡಿಲವಾಗಿದ್ದರೂ, ವಾಷರ್ ಹಳೆಯದಾಗಿದ್ದರೂ ಒಂದು ಹನಿ ಡೀಸೆಲ್ ಕಾಣದಿರಬಹುದು. ‘ಎಲ್ಲೂ ಲೀಕ್ ಇಲ್ಲ ಅಣ್ಣ’ ಎಂದು ಹುಡುಗ ಹೇಳಿದರೆ ಅವನ ತಪ್ಪಲ್ಲ. ಫಿಲ್ಟರಿಗೂ ಪಂಪಿಗೂ ನಡುವೆ ಗೇಣುದ್ದ ಪಾರದರ್ಶಕ ಪೈಪ್ ಹಾಕಿ ಎಂಜಿನ್ ಓಡಿಸಿ ನೋಡಬೇಕು. ಗುಳ್ಳೆಗಳ ಸಾಲು ಕಂಡರೆ ಅಲ್ಲಿಂದ ಟ್ಯಾಂಕಿನವರೆಗೆ ಒಂದೊಂದೇ ಜಾಯಿಂಟ್ ಹುಡುಕಿಕೊಂಡು ಹೋಗುವುದು. ಪಂಪಿನಿಂದ ಮುಂದಿನ ಉಕ್ಕಿನ ಪೈಪುಗಳ ತಂಟೆಗೆ ಮಾತ್ರ ಹೋಗಬೇಡಿ. ಎಲ್ಲ ನಾಜಲ್‌ಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಅಲ್ಲಿನ ಒತ್ತಡ ಹೊರಗಿನ ಗಾಳಿಯದರ ಸಾವಿರ ಪಟ್ಟು ದಾಟುತ್ತದೆ. ಅಲ್ಲಿಂದ ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಸೊರಗದೆ, ಸ್ವಿಚ್ ಆರಿಸಿದ ಹಾಗೆ ಒಮ್ಮೆಗೇ ನಿಂತರೆ ದಾರಿ ಬೇರೆ. ಅದು ವೈರಿಂಗ್, ರಿಲೇ ಅಥವಾ ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್ ಕೆಲಸ. ಬಿಸಿಯಾದಾಗ ಕೈಕೊಟ್ಟು ತಣ್ಣಗಾದಾಗ ಸರಿಯಾಗುವ ಸೆನ್ಸರ್‌ಗಳೂ ಉಂಟು. ಅಲ್ಲಿ ಸ್ಕ್ಯಾನರ್ ಹಾಕಿಸುವುದೇ ಒಳ್ಳೆಯದು.

ಫಿಲ್ಟರ್ ಕಟ್ಟಿಕೊಳ್ಳಲು ಕಸವೇ ಬೇಕೆಂದಿಲ್ಲ, ನೀರೂ ಸಾಕು. ಕೊಡಗಿನ ತೋಟಗಳಲ್ಲಿ ಸ್ಪ್ರಿಂಕ್ಲರ್ ಪಂಪಿಗೆಂದು 200 ಲೀಟರಿನ ಡ್ರಮ್ಮಿನಲ್ಲಿ ಡೀಸೆಲ್ ತಂದಿಡುತ್ತಾರೆ. ಉಳಿದದ್ದು ಪಿಕಪ್ಪಿಗೆ. ಈ ಡ್ರಮ್ ಉಸಿರಾಡುತ್ತದೆ. ಅರ್ಧ ಖಾಲಿಯಾದ ಡ್ರಮ್ಮಿನಲ್ಲಿ 100 ಲೀಟರ್ ಗಾಳಿ ಇದೆ ಎಂದುಕೊಳ್ಳಿ. 30 ಡಿಗ್ರಿಯಿಂದ 20ಕ್ಕೆ ಇಳಿದರೆ ಆ ಗಾಳಿ ಮೂರು ಲೀಟರಿನಷ್ಟು ಕುಗ್ಗುತ್ತದೆ. ಅಷ್ಟನ್ನು ಡ್ರಮ್ ಹೊರಗಿನಿಂದ ಎಳೆದುಕೊಳ್ಳಲು ನೋಡುತ್ತದೆ. ಏಪ್ರಿಲ್ ಮಧ್ಯಾಹ್ನ ಅಂಗಳದಲ್ಲಿ ಕಾದ ಡ್ರಮ್ಮಿನ ಮೇಲೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದರೆ? ಡ್ರಮ್ ತಟ್ಟನೆ ತಣ್ಣಗಾಗುತ್ತದೆ. ಅದೇ ಹೊತ್ತಿಗೆ ಅಂಚಿನೊಳಗೆ, ಬಿರಡೆಯ ಮೇಲೆಯೇ ನೀರು ನಿಂತಿರುತ್ತದೆ. ಬಿರಡೆಯ ವಾಷರ್ ಸ್ವಲ್ಪ ಸವೆದಿದ್ದರೂ ಸಾಕು, ಗಾಳಿಯ ಬದಲು ಒಳಗೆ ಹೋಗುವುದು ನೀರು. ನೀರು ಡೀಸೆಲ್‌ಗಿಂತ ಭಾರ, ತಳ ಸೇರುತ್ತದೆ. ಎರಡೂ ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಬೂಸ್ಟು ಬೆಳೆಯುತ್ತವೆ. ಫಿಲ್ಟರಿನಲ್ಲಿ ಸಿಗುವ ಕಪ್ಪು ಲೋಳೆ ಎಷ್ಟೋ ಸಲ ಅದೇ.

ಫಿಲ್ಟರಿನ ತಳದ ತಿರುಪು ಸಡಿಲಿಸಿ ಗಾಜಿನ ಬಾಟಲಿಗೆ ಇಳಿಸಿ ಸ್ವಲ್ಪ ಹೊತ್ತು ಇಟ್ಟರೆ ನೀರು ಅಡಿಯಲ್ಲಿ ಬೇರೆಯಾಗಿ ಕಾಣುತ್ತದೆ. ಕಂಡರೆ ಬರೀ ಫಿಲ್ಟರ್ ಬದಲಿಸಿ ಸುಮ್ನಾಗಬೇಡಿ. ಟ್ಯಾಂಕ್ ಇಳಿಸಿ ತೊಳೆದು, ಜಾಲರಿ ಸ್ವಚ್ಛ ಮಾಡಿ, ಹೊಸ ಫಿಲ್ಟರ್ ಹಾಕಿ, ಹ್ಯಾಂಡ್ ಪಂಪ್ ಒತ್ತಿ ಗಾಳಿ ಪೂರ್ತಿ ತೆಗೆದ ಮೇಲೆಯೇ ಸ್ಟಾರ್ಟ್ ಮಾಡಬೇಕು. ಇಲ್ಲದಿದ್ದರೆ ತಳದ ಲೋಳೆ ಹೊಸ ಫಿಲ್ಟರನ್ನೂ ಬೇಗನೆ ಮುಚ್ಚುತ್ತದೆ. ಡ್ರಮ್ಮನ್ನು ಶೆಡ್ಡಿನೊಳಗೆ ಇಡಬಹುದು. ಜಾಗವಿಲ್ಲದಿದ್ದರೆ ಹೊರಗೇ ಅಡ್ಡ ಮಲಗಿಸಿ. ಎರಡು ಬಿರಡೆಗಳೂ ನಡುಮಟ್ಟದಲ್ಲಿ ಸಾಲಾಗಿರಲಿ. ಆಗ ಡ್ರಮ್ ಅರ್ಧಕ್ಕಿಂತ ಹೆಚ್ಚು ತುಂಬಿರುವವರೆಗೆ ಅವುಗಳ ಒಳಮೈಗೆ ಡೀಸೆಲ್ ತಾಗಿರುತ್ತದೆ, ಹೊರಗೆ ನೀರು ನಿಲ್ಲಲು ಜಾಗ ಇರುವುದಿಲ್ಲ.