ಕಥೆ ಬಿಡಿ, ಕಂಡದ್ದನ್ನು ಬರೆಯಿರಿ

ಸಿನಿಮಾ ಅಧ್ಯಯನಕ್ಕೆ ಸೇರುತ್ತೇನೆ ಎಂದು ಬರುವ ಹುಡುಗ ಹುಡುಗಿಯರಲ್ಲಿ ಬಹಳ ಮಂದಿಗೆ ನಿಜವಾಗಿ ಬೇಕಾಗಿರುವುದು ಕ್ಯಾಮೆರಾ. ಜೊತೆಗೆ ಬಂದ ಅಪ್ಪ ಅಮ್ಮನಿಗೆ ಬೇಕಾಗಿರುವುದು ನೌಕರಿಯ ಖಾತ್ರಿ. "ಸಿನಿಮಾ ನೋಡಾಕ ಯುನಿವರ್ಸಿಟಿಗೆ ಯಾಕ ಹೋಗಬೇಕ್ರಿ ಸರ? ಮೊಬೈಲ್‌ನ್ಯಾಗ ನೋಡಿದ್ರ ಆಗೂದಿಲ್ಲೇನು?" ಎಂದು ಧಾರವಾಡದ ಕಡೆಯ ಪಾಲಕರು ನೇರವಾಗಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಎರಡು ವರ್ಷ, ಫೀಸು, ಹಾಸ್ಟೆಲ್ ಖರ್ಚು, ಎಲ್ಲ ಲೆಕ್ಕ ಹಾಕಬೇಕಲ್ವಾ?

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಸಿನಿಮಾ ಮಾಡಲು ಕಲಿಸುವ ಜಾಗ ಬೇರೆ, ಸಿನಿಮಾ ಓದುವ ಜಾಗ ಬೇರೆ. ಪುಣೆಯ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರಾಯ್ ಸಂಸ್ಥೆಯಲ್ಲಿ ಕ್ಯಾಮೆರಾ, ಎಡಿಟಿಂಗ್, ಸೌಂಡ್ ಮುಂತಾದ ಕಸುಬು ಕಲಿಸುತ್ತಾರೆ. ವಿಶ್ವವಿದ್ಯಾಲಯದ ಸಿನಿಮಾ ಅಧ್ಯಯನ ಇತಿಹಾಸ, ಸಾಹಿತ್ಯದ ಎಂ.ಎ. ಜಾತಿಗೆ ಸೇರಿದ್ದು. ಓದುವುದು, ನೋಡುವುದು, ಬರೆಯುವುದು. ಜಾದವ್‌ಪುರ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ 1993ರಲ್ಲಿ ವಿಭಾಗ ಶುರುವಾಯಿತು. ದೆಹಲಿಯ ಜೆಎನ್‌ಯುನಲ್ಲಿ ಕಲಾ ಅಧ್ಯಯನದ ಶಾಲೆಯೊಳಗೆ ಸಿನಿಮಾ ಇದೆ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ (ಇಫ್ಲು) ಸಿನಿಮಾ ಮತ್ತು ದೃಶ್ಯ ಸಂಸ್ಕೃತಿ, ಅಂದರೆ ಪೋಸ್ಟರ್, ಫೋಟೊ, ಕ್ಯಾಲೆಂಡರಿನಂಥ ಚಿತ್ರಗಳ ಓದು, ಒಟ್ಟಿಗೇ ಇವೆ. ನಮ್ಮ ಕಡೆ ಇದು ಹೆಚ್ಚಾಗಿ ಪತ್ರಿಕೋದ್ಯಮ ಅಥವಾ ಇಂಗ್ಲಿಷ್ ಎಂ.ಎ.ಯೊಳಗೆ ಒಂದು ಪೇಪರ್ ಆಗಿ ಬರುತ್ತದೆ. ನಾನು ಪಾಠ ಮಾಡುವುದೂ ಅಂಥದ್ದೇ ಪೇಪರ್.

ಕ್ಲಾಸಿನಲ್ಲಿ ನಾನು ಕೊಡುವ ಮೊದಲ ಕೆಲಸ ಎಲ್ಲರಿಗೂ ಬೇಸರ ತರಿಸುತ್ತದೆ. ನಿಮಗೆ ಇಷ್ಟವಾದ ಯಾವುದಾದರೂ ಸಿನಿಮಾದ ಮೂರು ನಿಮಿಷ ತೆಗೆದುಕೊಳ್ಳಿ. ಹಾಳೆಯ ಮೇಲೆ ಗೆರೆ ಎಳೆದು ಪಟ್ಟಿ ಮಾಡಿ. ಎಷ್ಟನೇ ಶಾಟ್ (ನಡುವೆ ಕತ್ತರಿ ಬೀಳದ ಒಂದು ತುಣುಕು), ಎಷ್ಟು ಸೆಕೆಂಡ್, ಹತ್ತಿರದ ಕ್ಲೋಸ್‌ಅಪ್ಪೋ ದೂರದ ಲಾಂಗ್ ಶಾಟೋ, ಕ್ಯಾಮೆರಾ ಅಲುಗಾಡುತ್ತದೋ ನಿಂತಿದೆಯೋ, ಏನು ಕೇಳಿಸುತ್ತದೆ. ವಿಎಲ್‌ಸಿ ಪ್ಲೇಯರ್‌ನಲ್ಲಿ ಕೀಬೋರ್ಡಿನ 'ಇ' ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಸೆಕೆಂಡಿಗೆ 24 ಫ್ರೇಮ್ ಎಂದು ಬಾಯಿಪಾಠ ಮಾಡಿದವರಿಗೆ ಅದು ಏನು ಅಂತ ಬೆರಳಿಗೆ ಗೊತ್ತಾಗುವುದು ಅಲ್ಲಿಯೇ.

ಬರೆದುಕೊಂಡು ಬರುವುದು ಮಾತ್ರ ಕಥೆ. "ಇಲ್ಲಿ ನಾಯಕನಿಗೆ ತಾಯಿಯ ನೆನಪಾಗಿ ದುಃಖವಾಗುತ್ತದೆ." ದುಃಖ ಎಲ್ಲಿ ಕಂಡಿತಪ್ಪಾ ನಿನಗೆ ಎಂದು ಕೇಳುತ್ತೇನೆ. ಮುಖದಲ್ಲಿ ಕಂಡಿತು ಸರ್. ಹಾಗಾದರೆ ಮುಖವನ್ನೇ ಬರಿ. ಕಣ್ಣು ಎತ್ತ ನೋಡುತ್ತಿದೆ, ಬೆಳಕು ಯಾವ ಕಡೆಯಿಂದ ಬಿದ್ದಿದೆ, ಇದಕ್ಕೆ ಮುಂಚಿನ ಶಾಟ್ ಯಾವುದು? ಮತ್ತೆ ನೋಡಿದರೆ ಮುಖದಲ್ಲಿ ಅಂಥದ್ದೇನೂ ಇರುವುದಿಲ್ಲ. ಹಿಂದಿನ ಶಾಟ್‌ನಲ್ಲಿ ಖಾಲಿ ಮಂಚ ತೋರಿಸಿರುತ್ತಾರೆ, ಹಿನ್ನೆಲೆಯಲ್ಲಿ ಕೊಳಲು ಇರುತ್ತದೆ. ದುಃಖವನ್ನು ಅವೆರಡೂ ಸೇರಿ ಮಾಡಿವೆ.

ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಇದನ್ನೇ 1920ರ ಆಸುಪಾಸಿನಲ್ಲಿ ಮಾಡಿ ತೋರಿಸಿದ ಎಂದು ಎಲ್ಲ ಪಠ್ಯದಲ್ಲೂ ಇದೆ. ನಟನ ಒಂದೇ ಮುಖ. ಅದರ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಒಬ್ಬ ಹೆಂಗಸು. ನೋಡಿದವರು ಆ ಮುಖದಲ್ಲಿ ಹಸಿವು, ಶೋಕ, ಆಸೆ ಎಲ್ಲ ಕಂಡರಂತೆ. ನಮ್ಮ ಹುಡುಗರಿಗೆ ಸೂಪು ಯಾಕೆ? ಗೆಳೆಯನ ಮುಖವನ್ನು ಮೊಬೈಲಿನಲ್ಲಿ ಹತ್ತು ಸೆಕೆಂಡ್ ಹಿಡಿದುಕೊಳ್ಳಿ, ಅವನು ಏನೂ ನಟಿಸಬಾರದು. ಮುಂದೆ ಒಂದು ಪ್ಲೇಟ್ ಗಿರ್ಮಿಟ್ ಜೋಡಿಸಿ, ಇನ್ನೊಂದು ಸಲ ಪರೀಕ್ಷೆಯ ರಿಸಲ್ಟ್ ಪುಟ ಜೋಡಿಸಿ. ಕ್ಲಾಸಿಗೆ ತೋರಿಸಿದಾಗ "ಹೆಂಗ ಆ್ಯಕ್ಟಿಂಗ್ ಮಾಡ್ಯಾನ್ರೀ!" ಎನ್ನುವವರು ಸಿಕ್ಕೇ ಸಿಗುತ್ತಾರೆ.

ಈ ಪಟ್ಟಿ ಕೆಲಸ ರೂಢಿಯಾದ ಮೇಲೆ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ನಾಯಕ ಬೈಯುವಾಗ ಕ್ಯಾಮೆರಾ ಯಾರ ಮುಖದ ಮೇಲಿದೆ? ಬೈಸಿಕೊಂಡವಳ ಮುಖ ತೋರಿಸಿದರೋ ಇಲ್ಲವೋ? ನನ್ನ ವಿದ್ಯಾರ್ಥಿನಿಯೊಬ್ಬಳು ಒಂದು ಕುಣಿತದ ಹಾಡನ್ನು ಹೀಗೆ ಬಿಡಿಸಿದಳು. ಕುಣಿಯುವ ಹೆಂಗಸಿನ ಮುಖವೇ ಇಲ್ಲದ ಶಾಟ್‌ಗಳು ಮುಖ ಇರುವುದಕ್ಕಿಂತ ಜಾಸ್ತಿ ಬಂದವು. ಸುತ್ತ ನಿಂತ ಗಂಡಸರಿಗೆಲ್ಲ ಪೂರ್ತಿ ಮುಖ ಇತ್ತು. ಇಂಗ್ಲೆಂಡಿನ ಲಾರಾ ಮಲ್ವಿ 1975ರಲ್ಲಿ ಬರೆದ ಲೇಖನ, ಸಿನಿಮಾದಲ್ಲಿ ನೋಟ ಯಾರದ್ದು ಎಂದು ಕೇಳಿದ್ದು, ಇವತ್ತಿಗೂ ಎಲ್ಲ ಕಡೆ ಪಾಠದಲ್ಲಿದೆ. ಅದನ್ನು ಮೊದಲೇ ಓದಿಸಿದರೆ ಹುಡುಗರು ಅದರ ಶಬ್ದಗಳನ್ನು ಗಿಳಿಪಾಠ ಒಪ್ಪಿಸುತ್ತಾರೆ. ಈ ಹುಡುಗಿ ಪಟ್ಟಿ ಮಾಡಿ ಆಮೇಲೆ ಓದಿದಳು. ಮಲ್ವಿ ಹೇಳಿದ ಎಲ್ಲವನ್ನೂ ಅವಳು ಒಪ್ಪಲಿಲ್ಲ, ಯಾಕೆ ಅಂತಲೂ ಬರೆದಳು. ಓದು ಅಂದರೆ ನನಗೆ ಅಷ್ಟೇ ಬೇಕು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇದೇ ದಾರಿ ಸಲೀಸು. ಈ ಶಾಸ್ತ್ರದ ಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲಿವೆ, ಅದರಲ್ಲೂ ಬೇಕಂತಲೇ ಕಠಿಣ ಮಾಡಿದ ಇಂಗ್ಲಿಷಿನಲ್ಲಿ. ಹಾವೇರಿ ಕಡೆಯ ಹಳ್ಳಿಯಿಂದ ಬಂದ ಹುಡುಗ ಮೊದಲ ತಿಂಗಳೇ ಹೆದರಿಬಿಡುತ್ತಾನೆ. ಕಂಡದ್ದನ್ನು ಕನ್ನಡದಲ್ಲಿ ಬರಿ, ಪುಸ್ತಕ ಆಮೇಲೆ ನೋಡೋಣ ಎನ್ನುತ್ತೇನೆ. ಪಟ್ಟಿ ಕೈಯಲ್ಲಿದ್ದರೆ ಪುಸ್ತಕದ ಜೊತೆ ಜಗಳ ಆಡುವ ಧೈರ್ಯ ಬರುತ್ತದೆ.

ಕಿವಿಗೂ ಇಂಥದ್ದೇ ಕೆಲಸ ಇದೆ. ಒಂದು ಕನ್ನಡ ಸಿನಿಮಾದಲ್ಲಿ ಯಾರು ಯಾವ ಕನ್ನಡ ಮಾತಾಡುತ್ತಾರೆ ಎಂದು ಬರೆದುಕೊಳ್ಳಿ. ಹಳೆಯ ಸಿನಿಮಾಗಳಲ್ಲಿ ನಮ್ಮ ಭಾಗದ ಮಾತು ಹೆಚ್ಚಾಗಿ ನಗಿಸುವವನ ಬಾಯಲ್ಲಿ, ಇಲ್ಲವೇ ಆಳಿನ ಬಾಯಲ್ಲಿ ಬರುತ್ತದೆ. ನಾಯಕ ನಾಯಕಿ ಪ್ರೀತಿ ಮಾಡುವಾಗ ಅದು ಕೇಳಿಸುವುದು ಅಪರೂಪ. ಇದಕ್ಕೆ ಬರೀ ತಾತ್ಸಾರ ಕಾರಣ ಎಂದರೆ ಅರ್ಧ ಉತ್ತರ. ಮಾತನ್ನು ಶೂಟಿಂಗ್ ಜಾಗದಲ್ಲಿ ಹಿಡಿಯದೆ ಆಮೇಲೆ ಸ್ಟುಡಿಯೋದಲ್ಲಿ ಡಬ್ ಮಾಡುವ ಪದ್ಧತಿ ಬಹಳ ಕಾಲ ನಡೆಯಿತು. ಡಬ್ಬಿಂಗ್ ಕೋಣೆಯಲ್ಲಿ ಎಲ್ಲರ ಮಾತೂ ಒಂದೇ ಅಚ್ಚಿಗೆ ಬಂತು. ಹುಬ್ಬಳ್ಳಿಯಲ್ಲೇ ಚಿತ್ರೀಕರಣ ನಡೆದಿರಬಹುದು, ಪರದೆಯ ಮೇಲೆ ಹುಬ್ಬಳ್ಳಿ ಕೇಳಿಸುವುದಿಲ್ಲ. ಇತ್ತೀಚೆಗೆ ಇದು ಬದಲಾಗುತ್ತಿದೆ. ಎಷ್ಟು ಬದಲಾಗಿದೆ ಎಂದು ಯಾರಾದರೂ ಕೂತು ಕಿವಿಗೊಟ್ಟು ಬರೆದರೆ ಅದೊಂದು ಒಳ್ಳೆಯ ಪ್ರಬಂಧ.

ಇನ್ನು ದೃಶ್ಯ ಸಂಸ್ಕೃತಿ. ಸಿನಿಮಾ ಸಿಗದೇ ಹೋದಾಗ ಇದರ ಬೆಲೆ ಗೊತ್ತಾಗುತ್ತದೆ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' ತೆರೆಗೆ ಬಂದದ್ದು 1934ರಲ್ಲಿ. ಅದರ ಪ್ರತಿ ಉಳಿದಿಲ್ಲ. ನಮ್ಮ ದೇಶದ ಮೂಕಿ ಚಿತ್ರಗಳು ಸಾವಿರಕ್ಕೂ ಜಾಸ್ತಿ, ಉಳಿದದ್ದು ತೀರಾ ಕಡಿಮೆ. ಆಗಿನ ನೈಟ್ರೇಟ್ ಫಿಲ್ಮ್ ಬೇಗ ಬೆಂಕಿ ಹಿಡಿಯುತ್ತಿತ್ತು, ಸುಮ್ನೆ ಇಟ್ಟರೂ ಕೊಳೆಯುತ್ತಿತ್ತು. ಅದರಲ್ಲಿದ್ದ ಬೆಳ್ಳಿಗಾಗಿ ಕರಗಿಸಿದವರೂ ಉಂಟು. ಹಾಗಾದರೆ ಓದುವುದು ಏನನ್ನು? ಪೋಸ್ಟರ್, ಪತ್ರಿಕೆಯ ಜಾಹೀರಾತು, ಥಿಯೇಟರ್ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕ, ಫೋಟೊಗಳು. ದೇವರ ಕೋಣೆಯ ಕ್ಯಾಲೆಂಡರ್ ಕೂಡ ಈ ಸಾಲಿಗೇ ಬರುತ್ತದೆ. ರವಿವರ್ಮ ಮುಂಬೈಯಲ್ಲಿ 1894ರಲ್ಲಿ ಅಚ್ಚುಕೂಟ ಹಾಕಿದ ಮೇಲೆ ದೇವರ ಚಿತ್ರಗಳು ಮನೆಮನೆಗೆ ಹೋದವು. 1913ರಲ್ಲಿ 'ರಾಜಾ ಹರಿಶ್ಚಂದ್ರ' ಮಾಡಿದ ಫಾಲ್ಕೆ ಅದಕ್ಕೂ ಮುಂಚೆ ಆ ಅಚ್ಚುಕೂಟಕ್ಕೆ ಕೆಲಸ ಮಾಡಿದವರು. ಕಲಬುರಗಿಯ ಎಸ್.ಎಂ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರನ್ನೂ ಬರೆದರು, ಕ್ಯಾಲೆಂಡರಿನ ದೇವರನ್ನೂ ಬರೆದರು. ಪೌರಾಣಿಕ ಚಿತ್ರಗಳಲ್ಲಿ ದೇವರು ನಮ್ಮ ಕಡೆಗೇ ಮುಖ ಮಾಡಿ ನಿಲ್ಲುವುದು ಯಾಕೆ ಎಂಬುದಕ್ಕೆ ಒಂದು ಉತ್ತರ ಇಲ್ಲಿದೆ. ಇನ್ನೊಂದು ಉತ್ತರ ಕಂಪನಿ ನಾಟಕದಲ್ಲಿದೆ.

ಈ ಇತಿಹಾಸ ಹುಡುಕಲು ನಮ್ಮವರು ಬೆಂಗಳೂರಿನ ಕಡೆ ನೋಡುತ್ತಾರೆ. ನೋಡಬೇಕಾದ್ದು ಕೊಲ್ಹಾಪುರ, ಪುಣೆಯ ಕಡೆಗೂ. 1956ರವರೆಗೆ ಧಾರವಾಡ ಜಿಲ್ಲೆ ಮುಂಬೈ ಆಡಳಿತದಲ್ಲೇ ಇತ್ತು. ಈಗಿನ ಗದಗ, ಹಾವೇರಿ ಎರಡೂ ಅದರೊಳಗೇ ಇದ್ದವು. ನಾಟಕ ಕಂಪನಿಗಳು, ಚಿತ್ರಗಾರರು ಆ ಕಡೆ ಈ ಕಡೆ ಓಡಾಡುತ್ತಿದ್ದರು. ಕೊಲ್ಹಾಪುರದ ಬಾಬುರಾವ್ ಪೇಂಟರ್ ನಾಟಕದ ಪರದೆ ಬರೆಯುತ್ತಿದ್ದವರು, ಆಮೇಲೆ ಸಿನಿಮಾ ಕಂಪನಿ ಕಟ್ಟಿದರು. ಅವರ ಕೈಕೆಳಗೆ ಪಳಗಿದ ವಿ. ಶಾಂತಾರಾಂ ಹುಡುಗನಾಗಿದ್ದಾಗ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್‌ನಲ್ಲೂ ಇಲ್ಲಿನ ತಗಡಿನ ಥಿಯೇಟರ್‌ನಲ್ಲೂ ದುಡಿದವರು. ಅವರು ಜೊತೆಗಾರರೊಂದಿಗೆ 1929ರಲ್ಲಿ ಕೊಲ್ಹಾಪುರದಲ್ಲಿ ಕಟ್ಟಿದ ಪ್ರಭಾತ್ ಕಂಪನಿ 1933ರಲ್ಲಿ ಪುಣೆಗೆ ಹೋಯಿತು. ಆ ಸ್ಟುಡಿಯೋ ಜಾಗದಲ್ಲೇ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್, ಅಂದರೆ ಈಗಿನ ಎಫ್‌ಟಿಐಐ, ಶುರುವಾಯಿತು. ಧಾರವಾಡದಲ್ಲಿ ಓದಿ ಬೆಳೆದ ಗಿರೀಶ ಕಾರ್ನಾಡರು ಮುಂದೆ ಅದರ ನಿರ್ದೇಶಕರಾಗಿದ್ದರು. 'ಸತಿ ಸುಲೋಚನ' ಚಿತ್ರೀಕರಣ ನಡೆದದ್ದೂ ಕೊಲ್ಹಾಪುರದಲ್ಲೇ.

ಹಾಗಾಗಿ ಪ್ರಬಂಧಕ್ಕೆ ವಿಷಯ ಸಿಗುತ್ತಿಲ್ಲ ಸರ್ ಎಂದು ಯಾರಾದರೂ ಬಂದರೆ ನನಗೆ ಸಿಟ್ಟು ಬರುತ್ತದೆ. ಗದಗಿನಲ್ಲಿ ಗರುಡ ಸದಾಶಿವರಾಯರ ಕಾಲದಿಂದ ಕಂಪನಿ ನಾಟಕದ ದೊಡ್ಡ ಪರಂಪರೆ ಇದೆ. ಬೀದಿ ಪರದೆ, ಅರಮನೆ ಪರದೆ, ಕಾಡಿನ ಪರದೆ ಬರೆದ ಕೈಗಳು ಯಾರವು? ಹಳೆಯ ಫೋಟೊ ಸ್ಟುಡಿಯೋಗಳ ಗೋಡೆಯ ಮೇಲಿನ ಬಣ್ಣದ ತೋಟಕ್ಕೂ ಈ ಪರದೆಗಳಿಗೂ ಏನು ನಂಟು? ಫ್ಲೆಕ್ಸ್ ಬಂದ ಮೇಲೆ ಹುಬ್ಬಳ್ಳಿಯ ಬ್ಯಾನರ್ ಪೇಂಟರ್‌ಗಳು ಏನಾದರು? ಮುಚ್ಚಿದ ಟಾಕೀಸುಗಳ ಪ್ರೊಜೆಕ್ಟರ್ ಆಪರೇಟರ್‌ಗಳು ಎಲ್ಲಿದ್ದಾರೆ? ಇವರಲ್ಲಿ ಎಷ್ಟೋ ಮಂದಿಗೆ ವಯಸ್ಸಾಗಿದೆ. ಮೊದಲು ಹೋಗಿ ಕೂತು ಮಾತಾಡಿಸಿ, ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ. ಸಿದ್ಧಾಂತ ಓಡಿಹೋಗುವುದಿಲ್ಲ.

ನೌಕರಿಯ ಮಾತಿಗೆ ಬರೋಣ. ಈ ಡಿಗ್ರಿ ಹಿಡಿದು ನೇರ ಡೈರೆಕ್ಟರ್ ಆಗುವುದಿಲ್ಲ. ಸಬ್‌ಟೈಟಲ್, ಆರ್ಕೈವ್, ಚಿತ್ರೋತ್ಸವದ ಆಯ್ಕೆ, ಪತ್ರಿಕೆ, ಒಟಿಟಿ ಕಂಪನಿಗಳಲ್ಲಿ ಸ್ಕ್ರಿಪ್ಟ್ ಓದುವ ಕೆಲಸ, ಹೀಗೆ ಚದುರಿದ ಅವಕಾಶಗಳಿವೆ. ಪಾಠ ಮಾಡುವ ಆಸೆಯಿದ್ದರೆ ನೆಟ್ (ಕಾಲೇಜು ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆ) ಯಾವ ವಿಷಯದಲ್ಲಿ ಬರೆಯುತ್ತೀರಿ ಎಂದು ಮೊದಲೇ ನೋಡಿಕೊಳ್ಳಿ. ಬಹಳ ಜನ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದಲ್ಲೇ ಬರೆಯುತ್ತಾರೆ. ಮನೆಯಲ್ಲಿ ತಕ್ಷಣ ದುಡಿಯುವ ಒತ್ತಡ ಇದ್ದರೆ ಈ ಎಂ.ಎ. ಬೇಡ ಎಂದೇ ನಾನು ಹೇಳುವುದು. ಎಡಿಟಿಂಗ್ ಕಲಿತರೆ ಮದುವೆ ವಿಡಿಯೋ ಹಂಗಾಮಿನಲ್ಲಾದರೂ ಕೈಗೆ ಕಾಸು ಬರುತ್ತದೆ.

ಇಷ್ಟರ ಮೇಲೂ ಆಸೆ ಇದ್ದವರು ಅರ್ಜಿ ಹಾಕುವ ಮುಂಚೆ ಮೂರು ನಿಮಿಷದ ಆ ಪಟ್ಟಿಯನ್ನು ಮನೆಯಲ್ಲೇ ಮಾಡಿ ನೋಡಿ. ಒಂದು ಸಂಜೆ ಬೇಕಾಗುತ್ತದೆ. ಅರ್ಧಕ್ಕೇ ಬೇಜಾರಾಗಿ ಬಿಟ್ಟರೆ ಫೀಸು ಉಳಿಯಿತು. ಎರಡನೇ ದೃಶ್ಯಕ್ಕೂ ಕೈ ಹಾಕಿದರೆ ಪುಣೆಯಲ್ಲಿ ನಡೆಯುವ ಚಿಕ್ಕ ಅವಧಿಯ ಫಿಲ್ಮ್ ಅಪ್ರಿಸಿಯೇಷನ್ ಕೋರ್ಸಿನ ಪ್ರಕಟಣೆ ಯಾವಾಗ ಬರುತ್ತದೆ ಎಂದು ನೋಡುತ್ತಿರಿ. ಎರಡು ವರ್ಷ ಕೊಡುವ ಮುಂಚೆ ಅಲ್ಲಿಗೆ ಹೋಗಿ ಬರುವುದು ಒಳ್ಳೆಯದು. ಹುಬ್ಬಳ್ಳಿಯಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಪುಣೆ.