ಅಕಲೇಸಿಯಾ: ಹೊಟ್ಟೆ ಕೊಯ್ಯುವುದರಿಂದ ಎಂಡೋಸ್ಕೋಪಿಯವರೆಗೆ

ಜೋಳದ ರೊಟ್ಟಿಯ ತುತ್ತು ತುತ್ತಿಗೂ ನೀರು ಕುಡಿದು ಎದೆ ನೀವಿಕೊಳ್ಳುವವರಿಗೆ ಬಾಗಲಕೋಟೆ, ವಿಜಯಪುರದ ಕಡೆ ಮೊದಲು ಸಿಗುವುದು ಗ್ಯಾಸಿನ ಮಾತ್ರೆ. ಅನ್ನನಾಳದ ನರಕೋಶಗಳು ನಶಿಸಿ, ಅದರ ಕೆಳತುದಿಯ ಸ್ನಾಯು ನುಂಗುವಾಗ ಸಡಿಲಗೊಳ್ಳದ ಅಕಲೇಸಿಯಾ ಎಂಬ ಈ ಕಾಯಿಲೆ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಹೊಸದಾಗಿ ಬರುವಷ್ಟು ಅಪರೂಪವಾದ್ದರಿಂದ ಗುರುತಿಸಲು ತಡವಾಗುವುದು ಸಹಜ. ಆದರೆ ನೀರೂ ಎದೆಯಲ್ಲಿ ನಿಲ್ಲುತ್ತದೆ, ಮಲಗಿದರೆ ಉಂಡ ಅನ್ನ ಹಾಗೆಯೇ ಬಾಯಿಗೆ ಬರುತ್ತದೆ ಎಂದು ರೋಗಿ ಹೇಳಿದ ಮೇಲೂ ಅದೇ ಮಾತ್ರೆ ಮುಂದುವರಿಯುವುದನ್ನು ಸಹಜವೆನ್ನಲಾಗದು.

1674ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ತಿಮಿಂಗಿಲದ ಎಲುಬಿಗೆ ಸ್ಪಂಜು ಕಟ್ಟಿ ದಾರಿ ಬಿಡಿಸಿದ್ದು, 1913ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಹೆಲ್ಲರ್ ಸ್ನಾಯುವನ್ನೇ ಸೀಳಿದ್ದು, ಆಮೇಲೆ ಬಿಗಿದ ಜಾಗದಲ್ಲಿ ಬಲೂನು ಉಬ್ಬಿಸಿ ಹಿಗ್ಗಿಸಿದ್ದು, 1990ರ ದಶಕದಲ್ಲಿ ಹೊಟ್ಟೆಯ ಸಣ್ಣ ತೂತುಗಳ ಮೂಲಕ ಅದೇ ಸ್ನಾಯು ಸೀಳುವ ಲ್ಯಾಪರೋಸ್ಕೋಪಿ, ಬೊಟಾಕ್ಸ್ ಚುಚ್ಚುಮದ್ದು, ಇವೆಲ್ಲವೂ ಬಿಗಿ ಸಡಿಲಿಸುವ ಉಪಾಯಗಳೇ; ಸತ್ತ ನರವನ್ನು ಯಾವುದೂ ಬದುಕಿಸದು.

2008ರಲ್ಲಿ ಜಪಾನಿನ ಹರುಹಿರೊ ಇನೊಯೆ ಬಾಯಿಯ ಮೂಲಕವೇ ಎಂಡೋಸ್ಕೋಪ್ (ಕ್ಯಾಮೆರಾ ಇರುವ ಬಳುಕುವ ನಳಿಗೆ) ಇಳಿಸಿ ಆ ಸ್ನಾಯುವನ್ನು ಕತ್ತರಿಸಿದರು. ಪೊಯೆಮ್ ಎಂದು ಕರೆಯುವ ಈ ಚಿಕಿತ್ಸೆಯಲ್ಲಿ ಪೂರ್ಣ ಅರಿವಳಿಕೆ ಕೊಟ್ಟು, ಅನ್ನನಾಳದ ಒಳಪದರದಡಿ ದ್ರವ ಚುಚ್ಚಿ ಉಬ್ಬಿಸಿ, ಅಲ್ಲೊಂದು ಸಣ್ಣ ಸೀಳು ಮಾಡಿ, ಒಳಪದರಕ್ಕೂ ಸ್ನಾಯುವಿಗೂ ನಡುವೆ ಸುರಂಗ ಕೊರೆಯುತ್ತಾ ಜಠರದತ್ತ 2–3 ಸೆಂ.ಮೀ. ದಾಟಿ, ಬಿಗಿದ ಸ್ನಾಯುವನ್ನು ಕತ್ತರಿಸಿ, ಹೊರಬರುವಾಗ ಸೀಳನ್ನು ಕ್ಲಿಪ್ ಹಾಕಿ ಮುಚ್ಚಲಾಗುತ್ತದೆ. ಒಳಪದರದ ಸೀಳು ಮೇಲೆ, ಸ್ನಾಯುವಿನ ಕೊಯ್ತ ಕೆಳಗೆ. ಎರಡೂ ಒಂದೇ ಕಡೆ ಬಾರದಿರುವುದರಿಂದ ಸೋರಿಕೆಯ ಭಯ ಕಡಿಮೆ. ಜಾಣ್ಮೆ ಇರುವುದು ಇಲ್ಲಿಯೇ.

‘ಹೊಟ್ಟೆ ಕೊಯ್ಯದೆ ಗುಣ’ ಎಂಬ ಮಾತು ಅಲ್ಲಿಂದ ಹುಟ್ಟಿತು. ಅದು ಸುಳ್ಳಲ್ಲ, ಅರ್ಧ ಮಾತು. 2019ರಲ್ಲಿ ಪ್ರಕಟವಾದ ಯುರೋಪಿನ ಹೋಲಿಕೆಯಲ್ಲಿ ಎರಡು ವರ್ಷದ ಯಶಸ್ಸು ಪೊಯೆಮ್‌ಗೆ ಶೇ. 83, ಲ್ಯಾಪರೋಸ್ಕೋಪಿಗೆ ಶೇ. 82ರ ಆಸುಪಾಸು, ಅಂದರೆ ಸರಿಸಮ. ಆದರೆ ಮೂರು ತಿಂಗಳಿಗೆ ಆಮ್ಲದಿಂದ ಅನ್ನನಾಳ ಸುಟ್ಟ ಗುರುತು ಪೊಯೆಮ್ ಆದವರಲ್ಲಿ ಶೇ. 57, ಲ್ಯಾಪರೋಸ್ಕೋಪಿಯವರಲ್ಲಿ ಶೇ. 20. ಲ್ಯಾಪರೋಸ್ಕೋಪಿಯಲ್ಲಿ ಶಸ್ತ್ರಚಿಕಿತ್ಸಕರು ಜಠರದ ಒಂದು ಭಾಗವನ್ನು ಅನ್ನನಾಳಕ್ಕೆ ಸುತ್ತಿ ಹೊಲಿದು ಆಮ್ಲಕ್ಕೆ ತಡೆ ಕಟ್ಟುತ್ತಾರೆ. ಪೊಯೆಮ್‌ನಲ್ಲಿ ಸಾಮಾನ್ಯವಾಗಿ ಅದಿಲ್ಲ. ಹಿಂದೆ ಬೇಡದಿದ್ದ ಆಸಿಡಿಟಿ ಮಾತ್ರೆ ಈಗ ನಿಜವಾಗಿ ಬೇಕಾಗುತ್ತದೆ.

ಯಾರಿಗೆ ಯಾವುದು ಎಂಬುದನ್ನು ಖರ್ಚಿನ ಅಂದಾಜಿಗಿಂತ ಮೊದಲು ಮ್ಯಾನೋಮೆಟ್ರಿ ಹೇಳಬೇಕು. ಮೂಗಿನಿಂದ ತೆಳು ನಳಿಗೆ ಇಳಿಸಿ ಒತ್ತಡ ಅಳೆಯುವ ಈ ಪರೀಕ್ಷೆ ಕಾಯಿಲೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ಎರಡನೆಯ ಬಗೆಗೆ ಬಲೂನು ಸೇರಿದಂತೆ ಎಲ್ಲ ಚಿಕಿತ್ಸೆಯೂ ಚೆನ್ನಾಗಿ ಹಿಡಿಯುತ್ತದೆ, ಅನ್ನನಾಳ ಉದ್ದಕ್ಕೂ ಸೆಟೆಯುವ ಮೂರನೆಯದಕ್ಕೆ ಉದ್ದವಾಗಿ ಕತ್ತರಿಸಬಲ್ಲ ಪೊಯೆಮ್ ಮೇಲು. ಹುಬ್ಬಳ್ಳಿ, ಮೀರಜ್ ಎಂದು ಅಲೆಯುವ ಕುಟುಂಬಗಳ ಕಡತದಲ್ಲಿ ಎಂಡೋಸ್ಕೋಪಿಯ ಬಣ್ಣದ ಚಿತ್ರಗಳ ಜೊತೆ ಈ ವರದಿಯೂ ಇರಬೇಕು.