ಟೊಮೆಟೊ ಹೂವೆಲ್ಲ ಉದುರುತ್ತಿದೆ, ನೀರು ಸಾಲುತ್ತಿಲ್ಲವೇ?

ಪ್ರಶ್ನೆ: ನಾವು ಕಲಬುರಗಿಯವರು. ಮಾಳಿಗೆ ಮೇಲೆ ಕುಂಡಗಳಲ್ಲಿ ಟೊಮೆಟೊ ಹಚ್ಚಿದ್ದೇವೆ. ಗಿಡ ಎದೆಮಟ್ಟ ಬೆಳೆದಿದೆ, ಹೂವೂ ಗೊಂಚಲು ಗೊಂಚಲು. ಆದರೆ ಏಪ್ರಿಲ್ ಶುರುವಾದಾಗಿನಿಂದ ಒಂದು ಕಾಯಿಯೂ ಕಚ್ಚಿಲ್ಲ. ದಿನಕ್ಕೆ ಎರಡು ಸಲ ನೀರು ಹಾಕುತ್ತೇವೆ. ಇನ್ನೇನು ಕೊರತೆ?

ಉತ್ತರ: ಕೊರತೆ ನೀರಿನದಲ್ಲ, ತಂಪು ರಾತ್ರಿಯದು.

ಹಗಲು 35 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ 24ರ ಕೆಳಗಿಳಿಯದಿದ್ದರೆ ಟೊಮೆಟೊ ಪರಾಗ ಜೊಳ್ಳಾಗುತ್ತದೆ. ನಿಮ್ಮಲ್ಲಿ ಮೇ ತಿಂಗಳ ಹಗಲು 40 ಮುಟ್ಟುತ್ತದೆ, ರಾತ್ರಿ 25ರ ಮೇಲೆಯೇ ನಿಲ್ಲುತ್ತದೆ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಕೋಲಾರದಲ್ಲಿ ಬೇಸಿಗೆಯಲ್ಲೂ ಟೊಮೆಟೊ ಬೆಳೆಯುವುದಕ್ಕೆ ಅಲ್ಲಿನ ರಾತ್ರಿಗಳ ತಂಪೂ ಒಂದು ಕಾರಣ.

ಹೂವನ್ನೇ ನೋಡಿ ಖಾತ್ರಿ ಮಾಡಿಕೊಳ್ಳಬಹುದು. ತೊಟ್ಟಿನ ನಡುವೆ ಒಂದು ಸಣ್ಣ ಗಂಟು ಇರುತ್ತದೆ. ಅದು ಹಳದಿಗೆ ತಿರುಗಿ ಹೂ ಅಲ್ಲಿಂದಲೇ ಕಳಚಿದರೆ ಪರಾಗಸ್ಪರ್ಶ ಆಗಿಲ್ಲವೆಂದೇ ಬಹುಮಟ್ಟಿಗೆ ಲೆಕ್ಕ. ಅರಳಿದ ಹೂವಿನ ನಡುವಿನ ಹಳದಿ ಕೊಳವೆಯಿಂದ ಹಸಿರು ಶಲಾಕೆ (ತುದಿಯಲ್ಲಿ ಪರಾಗ ಹಿಡಿಯುವ ಕಡ್ಡಿ) ಹೊರಗೆ ಇಣುಕುತ್ತಿದ್ದರೆ ಅದೂ ಬಿಸಿಲಿನ ಕೆಲಸವೇ. ಹಾಗೆ ಇಣುಕಿದ ತುದಿಗೆ ತನ್ನದೇ ಹೂವಿನ ಪರಾಗ ತಾಗುವುದು ಕಷ್ಟ, ಒಣಗಾಳಿಗೆ ಅದು ಬೇಗ ಒಣಗಿಯೂ ಹೋಗುತ್ತದೆ.

ಪರಾಗ ಕೆಡುವುದು ಹೂ ಅರಳಿದ ದಿನವಲ್ಲ, ಅದಕ್ಕೂ 8-10 ದಿನ ಮೊದಲು, ಮೊಗ್ಗಿನಲ್ಲೇ. ಹಾಗಾಗಿ ಇಂದು ನೆರಳುಬಲೆ ಕಟ್ಟಿದರೆ ಫಲ ಕಾಣಲು ಹತ್ತು ದಿನ ಬೇಕು. ಮೂರೇ ದಿನಕ್ಕೆ ಬೇಸತ್ತು ಬಲೆ ಬಿಚ್ಚುವವರೇ ಹೆಚ್ಚು.

ಬಲೆ 50 ಪರ್ಸೆಂಟಿನದು, ಅಂದರೆ ಅರ್ಧ ಬಿಸಿಲು ತಡೆಯುವಂಥದು ಸಾಕು, ಬಿಳಿಯದು ಸಿಕ್ಕರೆ ಇನ್ನೂ ಒಳ್ಳೆಯದು. ಗಿಡದ ತುದಿಗಿಂತ ಎರಡಡಿ ಮೇಲೆ ಕಟ್ಟಿ, ಪಶ್ಚಿಮಕ್ಕೆ ಒಂದಿಷ್ಟು ಇಳಿಬಿಡಿ, ಉಳಿದ ಮಗ್ಗುಲು ತೆರೆದಿರಲಿ. ಸುತ್ತಲೂ ಮುಚ್ಚಿದರೆ ಬಿಸಿಗಾಳಿ ಒಳಗೇ ಕೂರುತ್ತದೆ. 75 ಪರ್ಸೆಂಟಿನ ಬಲೆ ತರಬೇಡಿ, ಗಿಡ ಸೊರಗಿ ಉದ್ದವಾಗುತ್ತದೆ, ಹೂವೂ ಕಡಿಮೆಯಾಗುತ್ತದೆ. ಕುಂಡಕ್ಕೆ ಹಸಿ ಗೋಣಿಚೀಲ ಸುತ್ತಿ, ಮಣ್ಣಿನ ಮೇಲೆ ಎರಡು ಇಂಚು ಕಡಲೆ ಹೊಟ್ಟು ಹರಡಿ. ಸಂಜೆ ಸೂರ್ಯ ಮುಳುಗಿದ ಮೇಲೆ ಸುತ್ತಲಿನ ಮಾಳಿಗೆ ನೆಲಕ್ಕೆ ನೀರು ಚಿಮುಕಿಸಿ. ಒಣಹವೆಯಲ್ಲಿ ಆ ನೀರು ಆರುವಾಗ ಕಾದ ಕಾಂಕ್ರೀಟಿನ ಬಿಸಿ ಇಳಿಯುತ್ತದೆ. ಇಡೀ ಉಪಾಯದಲ್ಲಿ ರಾತ್ರಿಗೆ ನೇರವಾಗಿ ಸಹಾಯವಾಗುವುದು ಇದೇ.

ಬೆಳಿಗ್ಗೆ 8ರಿಂದ 10ರೊಳಗೆ, ದಿನ ಬಿಟ್ಟು ದಿನ, ಪ್ರತಿ ಗೊಂಚಲಿನ ಹಿಂದಿನ ಕಾಂಡವನ್ನು ಬೆರಳಿನಿಂದ ನಾಲ್ಕೈದು ಸಲ ಮೀಟಿ. ಟೊಮೆಟೊ ಪರಾಗ ಉದುರಲು ನಡುಕ ಬೇಕು. ಜೇನುನೊಣಕ್ಕೆ ಆ ಕಲೆ ಬಾರದು, ಮರ ಕೊರೆಯುವ ಕಪ್ಪು ದುಂಬಿಗೆ ಬರುತ್ತದೆ.

ನಡುಮಧ್ಯಾಹ್ನ ಎಲೆ ಬಾಡಿದ್ದನ್ನು ಕಂಡು ನೀರು ಸುರಿಯುವ ಮೊದಲು ಮಣ್ಣಿನೊಳಗೆ ಎರಡು ಇಂಚು ಬೆರಳಿಳಿಸಿ. ಹಸಿ ಇದ್ದರೆ ಬಿಡಿ, ಸಂಜೆಗೆ ಎಲೆ ತಾನೇ ಏಳುತ್ತದೆ. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ. ಕಾಯಿಯಿಲ್ಲದೆ ಎದೆಮಟ್ಟ ಬೆಳೆದ ಗಿಡ ನೋಡಿದರೆ ಸಾರಜನಕ ಈಗಲೇ ಹೆಚ್ಚಾದ ಹಾಗಿದೆ. ಒಲೆಯ ಬೂದಿಯೂ ಬೇಡ, ನಿಮ್ಮ ಕಡೆಯ ಎರೆಮಣ್ಣು ಮೊದಲೇ ಕ್ಷಾರ. ಅಂಗಡಿಯವರು ಕೊಡುವ ಹಾರ್ಮೋನು ಹೂವನ್ನು ಹಿಡಿದಿಡಬಹುದು, ಜೊಳ್ಳು ಪರಾಗವನ್ನು ಗಟ್ಟಿ ಮಾಡಲಾರದು. ಹಾಗೆ ಕಚ್ಚಿದ ಕಾಯಿ ಎಷ್ಟೋ ಸಲ ಬೀಜವಿಲ್ಲದೆ, ಒಳಗೆ ಟೊಳ್ಳಾಗಿರುತ್ತದೆ.

ಮೇ ತಿಂಗಳ ಬಿರುಬಿಸಿಲಿನಲ್ಲಿ ಇಷ್ಟೆಲ್ಲ ಮಾಡಿಯೂ ನಾಲ್ಕಾರು ಕಾಯಿಗಿಂತ ಹೆಚ್ಚು ನಿರೀಕ್ಷಿಸಬೇಡಿ. ಆ ಕಾಲ ಬೆಂಡೆ, ಚವಳಿ, ಹೀರೆಯದು. ಮುಂದಿನ ಸಲ ಲೆಕ್ಕ ಹೀಗಿರಲಿ: ಬೀಜ ಹಾಕಿದ ಸುಮಾರು 60 ದಿನಕ್ಕೆ ಹೂ. ಮೇ ಮೊದಲ ವಾರ ನೆರಳಲ್ಲಿ ಸಸಿ ಮಾಡಿ ಜೂನ್ ಆರಂಭದಲ್ಲಿ ನಾಟಿ ಮಾಡಿದರೆ, ಜುಲೈನ ಮೋಡದ ದಿನಗಳಿಗೆ ಹೂ ಬರುತ್ತದೆ.

ಈಗಿನ ಗಿಡ ಕೀಳಬೇಡಿ. ಮೊದಲ ಮಳೆ ಬಿದ್ದ ಮೇಲೆ ಮೂರನೇ ಒಂದು ಭಾಗ ಸವರಿ, ಕುಂಡಕ್ಕೆ ಎರಡು ಹಿಡಿ ಎರೆಗೊಬ್ಬರ ಕೊಡಿ, ಹೊಸ ಚಿಗುರಿನಲ್ಲಿ ಕಾಯಿ ಕಚ್ಚುತ್ತದೆ. ಎಲೆ ಮುದುಡಿ, ಚಿಕ್ಕದಾಗಿ, ಅಂಚು ಹಳದಿಯಾಗಿದ್ದರೆ ಮಾತ್ರ ಮಾತು ಬೇರೆ. ಅದು ಬಿಳಿನೊಣ ತರುವ ಎಲೆಮುರುಟು ರೋಗ. ಆ ಗಿಡವನ್ನು ಇವತ್ತೇ ಕಿತ್ತು ಚೀಲದಲ್ಲಿ ಕಟ್ಟಿ ಎಸೆಯಿರಿ.